ಹೆಸರಿಲ್ಲದ ಹಾರೈಕೆ

ರೋಮಿನ ಪೋಪರು ತೀರಿಕೊಂಡ ಮೇಲೆ ನಮ್ಮ ನಾಡಿನ ಯಾವ ಕಥೋಲಿಕ ದೇವಾಲಯಕ್ಕೆ ಹೋದರೂ ಒಂದು ಸಣ್ಣ ವ್ಯತ್ಯಾಸ ಕಿವಿಗೆ ಬೀಳುತ್ತದೆ. ಬಲಿಪೂಜೆಯ ನಡುವಿನ ಪ್ರಾರ್ಥನೆಯಲ್ಲಿ ಪೋಪರ ಹೆಸರನ್ನೂ ಅದರ ಬೆನ್ನಿಗೇ ಆ ಪ್ರಾಂತದ ಬಿಷಪರ ಹೆಸರನ್ನೂ ಉಚ್ಚರಿಸುವುದು ಪದ್ಧತಿ. ಪೀಠ ತೆರವಾದಾಗ ಮೊದಲನೆಯ ಹೆಸರು ಬಿಟ್ಟುಹೋಗುತ್ತದೆ. ಬಿಷಪರ ಹೆಸರು ಒಂಟಿಯಾಗಿ ನಿಲ್ಲುತ್ತದೆ. ನಾನು ಕ್ರೈಸ್ತನಲ್ಲ. ಆದರೆ ಆಯುಷ್ಯವೆಲ್ಲ ಕನ್ನಡ ಪಾಠ ಹೇಳಿದವನಿಗೆ, ವಾಕ್ಯದಲ್ಲಿ ಒಂದು ಪದ ಲೋಪವಾದರೆ ಗಮನ ಅತ್ತ ಹರಿಯದೆ ಇರದು.

ಈ ತೆರವಿನ ದಿನಗಳಲ್ಲಿಯೇ ಪತ್ರಿಕೆಯವರು ಬಿಷಪರ ನಿವಾಸಕ್ಕೆ ಎಡತಾಕುತ್ತಾರೆ. ಮುಂದಿನ ಪೋಪರು ಯಾರಾಗಬಹುದು? ಬಿಷಪರು ಹೆಸರು ಹೇಳುವುದಿಲ್ಲ. ಬಡವರ ಕಷ್ಟ ಬಲ್ಲವರಾಗಲಿ, ದೂರದ ನಾಡುಗಳ ದನಿಗೆ ಕಿವಿಗೊಡುವವರಾಗಲಿ ಎಂದು ಗುಣಗಳನ್ನು ಹೇಳಿ ಸುಮ್ಮನಾಗುತ್ತಾರೆ. ಇದು ಜಾಣತನದ ನುಣುಚಿಕೆಯೆಂದೇ ನಾನು ಬಹುಕಾಲ ಭಾವಿಸಿದ್ದೆ. ಈಗ ಹಾಗೆ ತೋರುವುದಿಲ್ಲ.

ಮೊದಲನೆಯ ಮಾತು, ಅವರಿಗೆ ಮತವಿಲ್ಲ. ಆರಿಸುವವರು ಕಾರ್ಡಿನಲರು, ಅವರಲ್ಲಿಯೂ 80 ವರ್ಷ ತುಂಬದವರು ಮಾತ್ರ. ಆರನೆಯ ಪಾಲ್ 1970ರಲ್ಲಿ ಮಾಡಿದ ಕಟ್ಟಳೆ ಇದು. 1968ರಿಂದ 1971ರವರೆಗೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದ ಲೂರ್ದುಸ್ವಾಮಿಯವರು 1985ರಲ್ಲಿ ಕಾರ್ಡಿನಲರಾದರು. ಅಲ್ಲಿಂದ 20 ವರ್ಷ ಚುನಾವಣೆಯೇ ಬರಲಿಲ್ಲ. 2005ರಲ್ಲಿ ಬಂದಾಗ ಅವರಿಗೆ 81 ತುಂಬಿತ್ತು. ಕಾರ್ಡಿನಲರ ಗತಿಯೇ ಹೀಗಿರುವಾಗ ಬಿಷಪರ ಪಾಡೇನು! ಆದರೂ ಅವರನ್ನು ನೇಮಿಸುವವರು ಪೋಪರು. 75 ತುಂಬಿದಾಗ ಅವರು ರಾಜೀನಾಮೆ ಒಪ್ಪಿಸಬೇಕಾದುದೂ ಪೋಪರಿಗೇ. ನಮ್ಮ ಅನೇಕ ಮಠಗಳಲ್ಲಿ ಗುರುವೇ ತನ್ನ ಉತ್ತರಾಧಿಕಾರಿಯನ್ನು ಆರಿಸಿ ಪಟ್ಟಗಟ್ಟುವುದುಂಟು. ರೋಮಿನಲ್ಲಿ ಅದಕ್ಕೆ ಎಡೆಯಿಲ್ಲ. ಪೋಪರು ಬದುಕಿರುವಾಗ ಮುಂದಿನವರ ಆಯ್ಕೆಗಾಗಿ ಒಳಸಂಚು ಹೂಡುವುದು, ಮತದ ಭಾಷೆ ಕೊಡುವುದು ಕಾರ್ಡಿನಲರಿಗೂ ನಿಷಿದ್ಧ.

ಹೊರಗಿನಿಂದ ಹೆಸರೆತ್ತುವುದರ ಕಹಿಯನ್ನೂ ಈ ಸಭೆ ಉಂಡಿದೆ. 1903ರಲ್ಲಿ ರಾಂಪೊಲ್ಲಾ ಎಂಬ ಕಾರ್ಡಿನಲರಿಗೆ ಮತಗಳು ಕೂಡುತ್ತಿದ್ದಾಗ, ಅವರು ಕೂಡದೆಂಬ ಆಸ್ಟ್ರಿಯದ ಚಕ್ರವರ್ತಿಯ ತಡೆಯನ್ನು ಒಬ್ಬರು ಎದ್ದುನಿಂತು ಸಾರಿದರು. ಅವರು ಕ್ರಾಕೋವಿನ ಬಿಷಪರಾಗಿದ್ದ ಕಾರ್ಡಿನಲ್ ಪುಜಿನಾ. ಆಯ್ಕೆಯಾದ ಹತ್ತನೆಯ ಪಯಸ್ ಮರುವರ್ಷವೇ ಅಂಥ ತಡೆಯನ್ನು ಶಾಶ್ವತವಾಗಿ ರದ್ದುಮಾಡಿದರು. ಚರಿತ್ರೆಯ ವಿನೋದವನ್ನು ನೋಡಿ: 1978ರ ಅಕ್ಟೋಬರಿನಲ್ಲಿ, ಕೇವಲ 33 ದಿನ ಆಳಿದ ಮೊದಲನೆಯ ಜಾನ್ ಪಾಲರ ತರುವಾಯ, ಇಟಲಿಯ ಇಬ್ಬರು ಘಟಾನುಘಟಿಗಳ ಹೆಸರು ಎಲ್ಲರ ಬಾಯಲ್ಲಿತ್ತು. ಆರಿಸಿಬಂದವರು ಅದೇ ಕ್ರಾಕೋವಿನ ಮಹಾಧರ್ಮಾಧ್ಯಕ್ಷ ವೊಯ್ತಿವಾ. ಇಟಲಿಯವರಲ್ಲದ ಪೋಪರನ್ನು ರೋಮು 455 ವರ್ಷಗಳಿಂದ ಕಂಡಿರಲಿಲ್ಲ.

ಆದರೆ ಊಹೆ ತಲೆಕೆಳಗಾದ ಪ್ರಸಂಗಗಳಲ್ಲಿ ಕನ್ನಡಿಗನಾದ ನನಗೆ ಹತ್ತಿರದ್ದು 1958ರದು. ಅಂದು ಆಯ್ಕೆಯಾದ ಇಪ್ಪತ್ತಮೂರನೆಯ ಜಾನರಿಗೆ 76 ವರ್ಷ. ಕೆಲವು ಕಾಲ ಪೀಠವನ್ನು ಕಾಯ್ದುಕೊಂಡಿರಲು ಮುದುಕರೊಬ್ಬರು ಸಿಕ್ಕರು ಎಂಬುದೇ ಹಲವರ ಎಣಿಕೆಯಾಗಿತ್ತು. ಮೂರು ತಿಂಗಳು ತುಂಬುವ ಮೊದಲೇ ಆ ಮುದುಕರು ಜಗತ್ತಿನ ಬಿಷಪರೆಲ್ಲರ ಮಹಾಸಭೆಯನ್ನು ಕರೆಯುವುದಾಗಿ ಘೋಷಿಸಿದರು. 1962ರಲ್ಲಿ ಸಭೆ ಸೇರಿತು. ಅದು ಮುಗಿಯುವುದನ್ನು ಕಾಣಲು ಅವರು ಉಳಿಯಲಿಲ್ಲ. 1963ರ ಜೂನಿನಲ್ಲಿ ತೀರಿಕೊಂಡರು. ಅದೇ ಡಿಸೆಂಬರಿನಲ್ಲಿ, ಆರನೆಯ ಪಾಲರ ಕಾಲದಲ್ಲಿ, ಪೂಜೆಯಲ್ಲಿ ದೇಶಭಾಷೆಗಳನ್ನು ಬಳಸಲು ಸಮ್ಮತಿ ದೊರೆಯಿತು. ಶತಮಾನಗಳಿಂದ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಬಲಿಪೂಜೆ ಕನ್ನಡದ ಬಾಯಿಗೆ ಬಂದದ್ದು ಆ ದಾರಿಯಿಂದ. ಪ್ರಾರ್ಥನೆಯಲ್ಲಿ ಒಂದು ಹೆಸರು ಬಿಟ್ಟುಹೋದದ್ದನ್ನು ನನ್ನಂಥವನು ಗುರುತಿಸಬಲ್ಲೆನಾದರೆ, ಆ ಪ್ರಾರ್ಥನೆ ಕನ್ನಡದಲ್ಲಿದೆ ಎಂಬುದೇ ಅದಕ್ಕೆ ಕಾರಣ. 1958ರಲ್ಲಿ ಇದನ್ನು ಹಾರೈಸಿದ ಬಿಷಪರು ಇದ್ದಿರಲೂಬಹುದು. ಅದನ್ನು ಆಗಮಾಡುವವರು ಯಾರೆಂದು ಅವರಲ್ಲಿ ಯಾರು ಊಹಿಸಬಹುದಿತ್ತು? ಹೆಸರು ಹಿಡಿದು ಕೇಳಿದ್ದರೆ, ಬಹುಶಃ ಬೇರೆ ಹೆಸರನ್ನೇ ಕೇಳುತ್ತಿದ್ದರು.

2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ಕಾಲವಾದಾಗಲೂ ಪತ್ರಿಕೆಗಳಲ್ಲಿ ಪಟ್ಟಿಗಳು ಬಂದುವು. ಇಟಲಿಯ ಪರೋಲಿನ್, ಫಿಲಿಪೀನ್ಸಿನ ತಾಗ್ಲೆ, ಹೀಗೆ. ಮೇ 7ರಂದು ಬಾಗಿಲು ಹಾಕಿಕೊಂಡ 133 ಕಾರ್ಡಿನಲರಲ್ಲಿ ನಾಲ್ವರು ಭಾರತೀಯರಿದ್ದರು. ಮರುದಿನವೇ ಬಿಳಿಯ ಹೊಗೆ ಎದ್ದಿತು. ಅಮೆರಿಕದವರೊಬ್ಬರು ಆ ಪೀಠವನ್ನೇರುವುದು ಆಗದ ಮಾತೆಂದು ಪಂಡಿತರು ಬಹುಕಾಲ ಹೇಳುತ್ತ ಬಂದಿದ್ದರು. ಬಾಲ್ಕನಿಗೆ ಬಂದವರು ಶಿಕಾಗೋದಲ್ಲಿ ಹುಟ್ಟಿದ ರಾಬರ್ಟ್ ಪ್ರಿವೋಸ್ಟ್, ಈಗಿನ ಹದಿನಾಲ್ಕನೆಯ ಲಿಯೋ.

ಅವರೂ ಹಿಂದೆ ದೂರದ ಪ್ರಾಂತವೊಂದರ ಬಿಷಪರೇ. 2015ರಿಂದ 2023ರವರೆಗೆ ಪೆರು ದೇಶದ ಚಿಕ್ಲಾಯೊ ಎಂಬಲ್ಲಿ ಇದ್ದವರು; ಆ ದೇಶದ ಪೌರತ್ವವನ್ನೂ ಪಡೆದವರು. ಆ ಸಂಜೆ ಇಟಾಲಿಯನ್ನಿನಲ್ಲಿ ಮಾತನಾಡುತ್ತಿದ್ದವರು ನಡುವೆ ಸ್ಪ್ಯಾನಿಷಿಗೆ ಹೊರಳಿ ಚಿಕ್ಲಾಯೊದ ತಮ್ಮ ಜನರಿಗೆ ವಂದನೆ ಹೇಳಿದರು. ತಮ್ಮ ಹುಟ್ಟುನುಡಿಯಾದ ಇಂಗ್ಲಿಷಿನಲ್ಲಿ ಅಂದು ಅವರು ಒಂದು ಮಾತನ್ನೂ ಆಡಲಿಲ್ಲ.