ಇನ್ನೊಂದು ಎಂಜಿನ್ ಇದೆಯಲ್ಲ!

ಚುನಾವಣಾ ಭಾಷಣಗಳ ಪುಣ್ಯದಿಂದ ‘ಡಬಲ್ ಎಂಜಿನ್’ ಅಂದರೆ ಎರಡರಷ್ಟು ಬಲ, ಎರಡರಷ್ಟು ಭರವಸೆ ಎಂಬುದು ಎಲ್ಲರ ಕಿವಿಗೂ ಬಿದ್ದಿದೆ. ಘಾಟಿ ಹತ್ತುವ ರೈಲಿನ ಮಟ್ಟಿಗೆ ಆ ಮಾತು ಸರಿಯೇ. ಆಕಾಶದಲ್ಲಿ ಲೆಕ್ಕ ಬೇರೆ. ನಾಲ್ಕರಿಂದ ಆರು ಜನ ಕೂರುವ, ರೆಕ್ಕೆಗೊಂದರಂತೆ ಎಂಜಿನ್ ಹೊತ್ತ ಪುಟ್ಟ ವಿಮಾನಗಳಿವೆ: ಪೈಪರ್ ಸೆಮಿನೋಲ್, ಪೈಪರ್ ಸೆನೆಕಾ, ಬೀಚ್‌ಕ್ರಾಫ್ಟ್ ಬ್ಯಾರನ್, ಡೈಮಂಡ್ ಡಿಎ-42. ಏರ್‌ಲೈನ್ ಕೆಲಸದ ಕನಸು ಹೊತ್ತ ಹುಡುಗ ಹುಡುಗಿಯರು ಎರಡು ಎಂಜಿನ್‌ಗಳ ವಿಮಾನ ಹಾರಿಸಲು ಕಲಿಯುವುದು ಇಂಥವುಗಳಲ್ಲೇ. ಇವುಗಳ ಬಗ್ಗೆ ಪ್ರಯಾಣಿಕರಿಗಿರುವ ತಪ್ಪು ಕಲ್ಪನೆಗಳು ಸಹಜ. ದುಡ್ಡು ಕೊಟ್ಟು ಕೊಂಡವರಿಗೂ, ಒಮ್ಮೊಮ್ಮೆ ಹಾರಿಸುವವರಿಗೂ ಅವೇ ಕಲ್ಪನೆಗಳಿರುವುದು ಅಪಾಯ.

‘ಒಂದು ಎಂಜಿನ್ ನಿಂತರೆ ಅರ್ಧ ಬಲ ಹೋಗುತ್ತದೆ, ಅಷ್ಟೇ ತಾನೆ?’

ಅರ್ಧ ಬಲ ಹೋಗುವುದು ನಿಜ. ‘ಅಷ್ಟೇ’ ಎನ್ನುವುದು ಸುಳ್ಳು.

ಸೆಮಿನೋಲ್ ವಿಮಾನವನ್ನೇ ತೆಗೆದುಕೊಳ್ಳಿ. ಒಂದೊಂದೂ 180 ಅಶ್ವಶಕ್ತಿಯ ಎರಡು ಎಂಜಿನ್, ಒಟ್ಟು 360. ಪ್ರೊಪೆಲ್ಲರ್ ಮೂಲಕ ನಿಜವಾಗಿ ಕೆಲಸಕ್ಕೆ ಬರುವುದು ಅದರ ಮುಕ್ಕಾಲು ಪಾಲು, ಅಂದರೆ 270ರ ಆಸುಪಾಸು. ಏರದೆ, ಇಳಿಯದೆ ಸುಮ್ಮನೆ ಆ ಎತ್ತರದಲ್ಲೇ ಸಾಗಲು ಸುಮಾರು 115 ಬೇಕು. ಉಳಿದ 155 ಇದೆಯಲ್ಲ, ವಿಮಾನ ಮೇಲೇರುವುದು ಅದರಿಂದ. ಈಗ ಒಂದು ಎಂಜಿನ್ ಹೋಯಿತು ಅನ್ನಿ. ಕೈಲಿರುವುದು 135, ಖರ್ಚು ಮೊದಲಿನಷ್ಟೇ 115, ಏರಲು ಉಳಿದದ್ದು 20. ಇಬ್ಬರು ದುಡಿಯುವ ಮನೆಯಲ್ಲಿ ಒಬ್ಬರ ಕೆಲಸ ಹೋದರೆ ಸಂಬಳ ಅರ್ಧವಾಗುತ್ತದೆ, ಬಾಡಿಗೆ ಅರ್ಧವಾಗುವುದಿಲ್ಲ, ಹೋಗುವುದು ಉಳಿತಾಯ. ಕೈಪಿಡಿಯ ಅಂಕಿಗಳೂ ಇದನ್ನೇ ಹೇಳುತ್ತವೆ. ಸಮುದ್ರಮಟ್ಟದಲ್ಲಿ ಎರಡೂ ಎಂಜಿನ್ ಓಡುತ್ತಿದ್ದರೆ ಸೆಮಿನೋಲ್ ನಿಮಿಷಕ್ಕೆ ಸುಮಾರು 1,300 ಅಡಿ ಏರುತ್ತದೆ. ಒಂದೇ ಇದ್ದರೆ ಸುಮಾರು 200 ಅಡಿ. ಬಲ ಹೋದದ್ದು ಅರ್ಧ, ಏರುವ ಶಕ್ತಿ ಹೋದದ್ದು ನೂರಕ್ಕೆ ಎಂಬತ್ತೈದು.

ಆ 200 ಅಡಿಯೂ ಕಾಗದದ ಮೇಲಿನ ಮಾತು. ವಿಮಾನ ಹೊಸದಿರಬೇಕು, ಚಕ್ರಗಳು ಮಡಚಿರಬೇಕು, ಸತ್ತ ಎಂಜಿನ್‌ನ ಪ್ರೊಪೆಲ್ಲರ್ ಅಲುಗುಗಳು ಗಾಳಿಗೆ ಅಂಚು ಕೊಟ್ಟು ನಿಂತಿರಬೇಕು, ಪೈಲಟ್‌ನ ಕೈಕಾಲು ಒಂದಿಷ್ಟೂ ತಪ್ಪಬಾರದು. ಜೊತೆಗೆ ಗಾಳಿ ದಟ್ಟವಾಗಿರಬೇಕು. ನಮ್ಮ ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದರೆ ಅಲ್ಲಿನ ಗಾಳಿ 6,000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಪೂರ್ತಿ ಭಾರ ಹೊತ್ತ ಸೆಮಿನೋಲ್ ಒಂದೇ ಎಂಜಿನ್‌ನಲ್ಲಿ ನಿಮಿಷಕ್ಕೆ ಬರೀ 50 ಅಡಿಯಾದರೂ ಏರಬಲ್ಲ ಮಿತಿ 3,800 ಅಡಿ. ಅಂದಮೇಲೆ ಅಂಥ ಮಧ್ಯಾಹ್ನ ಅಲ್ಲಿ ಉಳಿದ ಎಂಜಿನ್ ಮಾಡಬಲ್ಲ ಉಪಕಾರ ಒಂದೇ: ಕೆಳಗಿಳಿಯುವುದನ್ನು ನಿಧಾನ ಮಾಡುವುದು.

‘ಕಾನೂನು ಇದನ್ನೆಲ್ಲ ನೋಡಿಕೊಂಡಿರುತ್ತದಲ್ಲ’ ಎಂದು ಕೇಳಬಹುದು. ದೊಡ್ಡ ವಿಮಾನಗಳಿಗೆ ನೋಡಿಕೊಂಡಿದೆ. ನಾವು ಹುಬ್ಬಳ್ಳಿಗೋ ದೆಹಲಿಗೋ ಹೋಗುವ ಏರ್‌ಬಸ್ 320 ಟೇಕಾಫ್ ಸಮಯದಲ್ಲಿ ಒಂದು ಎಂಜಿನ್ ಕಳೆದುಕೊಂಡರೂ, ಚಕ್ರ ಮಡಚಿದ ಮೇಲೆ ಪ್ರತಿ 100 ಅಡಿ ಮುಂದೆ ಹೋಗುವಷ್ಟರಲ್ಲಿ 2.4 ಅಡಿ ಮೇಲೇರಲೇಬೇಕು. ಆಗುವುದಿಲ್ಲವೆಂದರೆ ಭಾರ ಇಳಿಸಬೇಕು. ಸೆಮಿನೋಲ್‌ನಂಥವು ರೂಪುಗೊಂಡ ಅಮೆರಿಕದ ನಿಯಮದಲ್ಲಿ, 6,000 ಪೌಂಡ್‌ಗಿಂತ, ಅಂದರೆ ಸುಮಾರು 2,700 ಕಿಲೋಗ್ರಾಂಗಿಂತ, ಹಗುರವಾದ ಮತ್ತು ನಿಧಾನ ವೇಗದಲ್ಲಿ ಇಳಿಯಬಲ್ಲ ಅವಳಿ ಎಂಜಿನ್ ವಿಮಾನ ಒಂದೇ ಎಂಜಿನ್‌ನಲ್ಲಿ ಏರಲೇಬೇಕೆಂಬ ಷರತ್ತೇ ಇರಲಿಲ್ಲ. ಏರುತ್ತದೋ ಇಳಿಯುತ್ತದೋ ಅಳೆದು ಕೈಪಿಡಿಯಲ್ಲಿ ಬರೆದರೆ ಸಾಕಿತ್ತು. ಬಹಳ ಜನ ಆ ಪುಟ ತೆರೆಯದೆಯೇ ಧೈರ್ಯವಾಗಿದ್ದಾರೆ.

ಆದ್ದರಿಂದ ಎಚ್ಚರದ ಪೈಲಟ್ ನೆಲದಲ್ಲಿದ್ದಾಗಲೇ ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ: ಚಕ್ರ ಮಡಚುವ ಮುನ್ನ ಒಂದು ಎಂಜಿನ್ ನಿಂತರೆ ಎರಡೂ ಥ್ರಾಟಲ್ ಹಿಂದಕ್ಕೆಳೆದು ಮುಂದೆ ಸಿಕ್ಕ ನೆಲದಲ್ಲಿ ಇಳಿಯುತ್ತೇನೆ. ಚೆನ್ನಾಗಿ ಓಡುತ್ತಿರುವ ಎಂಜಿನ್ನನ್ನೂ ಕೈಯಾರೆ ಮುಚ್ಚುವ ನಿರ್ಧಾರ ಇದು. ಮನಸ್ಸು ಒಪ್ಪುವುದಿಲ್ಲ, ಆದ್ದರಿಂದಲೇ ಅದನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು.

‘ಓಡುತ್ತಿರುವ ಎಂಜಿನ್ ಕಾಪಾಡುತ್ತದೆ’

ಕೊಲ್ಲುವುದೂ ಅದೇ. ಎಡ ಎಂಜಿನ್ ಸತ್ತಿದೆ, ಬಲದ್ದು ಪೂರ್ತಿ ಬಲದಲ್ಲಿ ಎಳೆಯುತ್ತಿದೆ ಅಂದರೆ ವಿಮಾನದ ಮೂತಿ ಎಡಕ್ಕೆ ತಿರುಗತೊಡಗುತ್ತದೆ. ತಡೆಯಲು ಇರುವುದು ಬಾಲದ ರಡ್ಡರ್. ರಡ್ಡರ್‌ಗೆ ಬಲ ಬರುವುದು ಅದರ ಮೇಲೆ ಹರಿಯುವ ಗಾಳಿಯಿಂದ, ಗಾಳಿಯ ಬಿರುಸು ವೇಗದಿಂದ. ವೇಗ ಒಂದು ಮಿತಿಗಿಂತ ಇಳಿದರೆ ಕಾಲಲ್ಲಿ ಎಷ್ಟು ಒತ್ತಿದರೂ ರಡ್ಡರ್ ಸೋಲುತ್ತದೆ. ಮೂತಿ ತಿರುಗುತ್ತದೆ, ಸತ್ತ ಎಂಜಿನ್ ಕಡೆಯ ರೆಕ್ಕೆ ಬೀಳುತ್ತದೆ, ವಿಮಾನ ಮಗುಚಿಕೊಳ್ಳುತ್ತದೆ. ಕೆಲವೇ ಸೆಕೆಂಡಿನ ಮಾತು. ಆ ಮಿತಿಯನ್ನು ವೇಗಮಾಪಕದಲ್ಲಿ ಕೆಂಪು ಗೆರೆ ಹಾಕಿ ತೋರಿಸಿರುತ್ತಾರೆ. ಸೆಮಿನೋಲ್‌ನಲ್ಲಿ ಅದು 56 ನಾಟ್. ಒಂದೇ ಎಂಜಿನ್‌ನಲ್ಲಿ ಅತಿ ಚೆನ್ನಾಗಿ ಏರಬಲ್ಲ ವೇಗಕ್ಕೆ ನೀಲಿ ಗೆರೆ, 88 ನಾಟ್. ಬೆಟ್ಟವೋ ಮರವೋ ಕಟ್ಟಡವೋ ಎದುರಿದ್ದಾಗ ಮೂತಿ ಎತ್ತಬೇಕೆನ್ನಿಸುವುದು ಸಹಜ. ಎತ್ತಿದರೆ ವೇಗ ನೀಲಿಯಿಂದ ಕೆಂಪಿನ ಕಡೆ ಜಾರುತ್ತದೆ. ಜಾರಿದ ಮೇಲೆ ಉಳಿಯುವ ದಾರಿ ಒಂದೇ: ಮೂತಿ ತಗ್ಗಿಸಿ, ಓಡುತ್ತಿರುವ ಎಂಜಿನ್‌ನ ಬಲವನ್ನು ಇಳಿಸುವುದು. ನೆಲ ಹತ್ತಿರವಿದ್ದಾಗ ಇದನ್ನು ಮಾಡಲು ಎಷ್ಟು ಜನರ ಕೈ ಬಂದೀತು?

ಒಂದೇ ಎಂಜಿನ್ ಇರುವ ವಿಮಾನಕ್ಕೆ ಈ ಕಾಟವಿಲ್ಲ. ಅದು ನಿಂತರೆ ನಿಂತಿತು. ವಿಮಾನ ತೇಲುತ್ತ ಇಳಿಯುತ್ತದೆ, ಪೈಲಟ್‌ಗೆ ಗದ್ದೆ ಹುಡುಕುವುದೊಂದೇ ಕೆಲಸ. ಆ ಅರ್ಥದಲ್ಲಿ ಅದು ಪ್ರಾಮಾಣಿಕ ಯಂತ್ರ.

ಎರಡು ಎಂಜಿನ್‌ಗಳನ್ನು ಮೂತಿಗೊಂದು, ಬೆನ್ನಿಗೊಂದು ಇಟ್ಟರೆ ಮೂತಿ ತಿರುಗುವ ಕಾಟವೇ ಇರುವುದಿಲ್ಲವಲ್ಲ ಎಂದು 1960ರ ದಶಕದಲ್ಲಿ ಸೆಸ್ನಾ ಕಂಪನಿ ಸ್ಕೈಮಾಸ್ಟರ್ ತಂದಿತು. ಯೋಚನೆ ಚೆನ್ನಾಗಿತ್ತು. ಆದರೆ ಹಿಂದಿನ ಎಂಜಿನ್ ಪೈಲಟ್‌ಗೆ ಕಾಣುವುದಿಲ್ಲ. ಅದು ರನ್‌ವೇ ಮೇಲೆಯೇ ನಿಂತುಹೋದದ್ದು ಗೊತ್ತಾಗದೆ ಟೇಕಾಫ್‌ಗೆ ಹೊರಟವರಿದ್ದರು. ಕೊನೆಗೆ, ಒಂದೇ ಎಂಜಿನ್‌ನಲ್ಲಿ ಟೇಕಾಫ್ ಮಾಡಬೇಡಿ ಎಂಬ ಫಲಕವನ್ನೇ ಕಾಕ್‌ಪಿಟ್‌ನಲ್ಲಿ ಅಂಟಿಸಬೇಕಾಯಿತು.

‘ನಿಂತ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿದರಾಯಿತು’

ಎತ್ತರದಲ್ಲಿದ್ದು ಸಮಯವಿದ್ದರೆ ಪ್ರಯತ್ನಿಸಬಹುದು. ನೆಲದ ಹತ್ತಿರ ಮೊದಲ ಕೆಲಸ ಬೇರೆ: ಸತ್ತ ಎಂಜಿನ್‌ನ ಪ್ರೊಪೆಲ್ಲರ್ ‘ಫೆದರ್’ ಮಾಡುವುದು, ಅಂದರೆ ಅಲುಗುಗಳ ಅಂಚನ್ನು ಗಾಳಿಗೆ ಎದುರಾಗಿ ನಿಲ್ಲಿಸುವುದು. ಮಾಡದಿದ್ದರೆ ಅದು ಗಾಳಿಗೆ ಸಿಕ್ಕು ತಿರುಗುತ್ತಾ ವಿಮಾನವನ್ನು ಹಿಂದಕ್ಕೆಳೆಯುತ್ತದೆ. ಉಳಿದಿದ್ದ ಇಪ್ಪತ್ತು ಅಶ್ವಶಕ್ತಿಯೂ ಅಲ್ಲಿಗೆ ಮುಗಿಯಿತು. ಇಲ್ಲೊಂದು ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿಯಿದೆ. ದಿನವೂ ಎಂಜಿನ್ ಆರಿಸಿದಾಗ ಪ್ರೊಪೆಲ್ಲರ್ ತಾನಾಗಿ ಫೆದರ್ ಆಗಿಬಿಡಬಾರದೆಂದು ಒಳಗೆ ಸಣ್ಣ ತಡೆಪಿನ್ನುಗಳನ್ನು ಇಟ್ಟಿರುತ್ತಾರೆ. ಸೆಮಿನೋಲ್‌ನಲ್ಲಿ ಪ್ರೊಪೆಲ್ಲರ್‌ನ ಗತಿ ನಿಮಿಷಕ್ಕೆ 950 ಸುತ್ತಿಗಿಂತ ಇಳಿದರೆ ಫೆದರ್ ಮಾಡಲು ಸಾಧ್ಯವಾಗುವುದಿಲ್ಲ. ಎಂಜಿನ್ ಒಳಗೊಳಗೇ ಬಿಗಿಯುತ್ತಿದ್ದರೆ, ಸ್ಟಾರ್ಟ್ ಮಾಡಲು ನೋಡುತ್ತ ಕೂತ ಹೊತ್ತಿನಲ್ಲೇ ಆ ಬಾಗಿಲೂ ಮುಚ್ಚಬಹುದು.

ಯಾವ ಎಂಜಿನ್ ಸತ್ತಿದೆ ಎಂದು ಗುರುತಿಸುವುದು ಸುಲಭ ಎಂದುಕೊಳ್ಳಬೇಡಿ. ಗಾಬರಿಯಲ್ಲಿ ಒಳ್ಳೆಯ ಎಂಜಿನ್ನನ್ನೇ ಆರಿಸಿಬಿಟ್ಟ ಪ್ರಕರಣಗಳಿವೆ. ಅದಕ್ಕೇ ಪಾಠ ಹೇಳುವವರು ಕಾಲನ್ನು ನಂಬು ಅನ್ನುತ್ತಾರೆ. ವಿಮಾನವನ್ನು ನೇರ ಇಡಲು ಯಾವ ಕಾಲು ಒತ್ತುತ್ತಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ.

ಹಾರುತ್ತಲೇ ಎಂಜಿನ್ ಚಾಲೂ ಮಾಡುವುದು ಎಷ್ಟು ನಾಜೂಕಿನ ಕೆಲಸವೆಂದು ಕರ್ನಾಟಕಕ್ಕೆ ದುಃಖದಿಂದ ಗೊತ್ತಿದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ‘ಸರಸ್’ ಇವುಗಳಿಗಿಂತ ದೊಡ್ಡದು, ಹದಿನಾಲ್ಕು ಆಸನದ್ದು, ಬೆನ್ನಿಗೆ ಎರಡು ಟರ್ಬೊಪ್ರಾಪ್ ಎಂಜಿನ್ ಹೊತ್ತದ್ದು. 2009ರ ಮಾರ್ಚ್ 6ರಂದು ಅದರ ಎರಡನೇ ಮಾದರಿ, ಒಂದು ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯ ವೇಳೆ ಬಿಡದಿ ಬಳಿ ನೆಲಕ್ಕಪ್ಪಳಿಸಿತು. ವಾಯುಪಡೆಯ ಮೂವರು ಪರೀಕ್ಷಾ ಅಧಿಕಾರಿಗಳು ತೀರಿಕೊಂಡರು. ಕೈ ಪಳಗದ ಹೊಸಬರಲ್ಲ ಅವರು, ಪಳಗಿದವರು. ತನಿಖೆ ಬೊಟ್ಟು ಮಾಡಿದ್ದು ಮರಳಿ ಹೊತ್ತಿಸಲು ಹಾಕಿಕೊಟ್ಟಿದ್ದ ಕ್ರಮವೇ ಸರಿಯಿರಲಿಲ್ಲ ಎಂಬುದರತ್ತ.

‘ಎರಡೂ ಒಟ್ಟಿಗೆ ಕೈಕೊಡುವುದು ಸಾಧ್ಯವೇ?’

ಎರಡೂ ಬೇರೆ ಬೇರೆಯಾಗಿದ್ದರೆ ಅಪರೂಪ. ಆದರೆ ಬಹಳಷ್ಟು ವಿಷಯಗಳಲ್ಲಿ ಅವು ಬೇರೆಯಲ್ಲ. 2007ರ ಮಾರ್ಚ್‌ನಲ್ಲಿ ಜರ್ಮನಿಯ ಶ್ಪೈಯರ್‌ನಲ್ಲಿ ಒಂದು ಡಿಎ-42ರ ಬ್ಯಾಟರಿ ಇಳಿದುಹೋಗಿತ್ತು. ಹೊರಗಿನ ಕರೆಂಟ್ ಕೊಟ್ಟು ಎಂಜಿನ್‌ಗಳನ್ನು ಚಾಲೂ ಮಾಡಿ ಹೊರಟರು. ನೆಲ ಬಿಟ್ಟು ಚಕ್ರ ಮಡಚಲು ಸ್ವಿಚ್ ಎತ್ತಿದ್ದೇ ತಡ, ವೋಲ್ಟೇಜ್ ಕುಸಿಯಿತು; ಎರಡೂ ಎಂಜಿನ್‌ಗಳನ್ನು ಆಳುವ ಕಂಪ್ಯೂಟರ್‌ಗಳು ಒಮ್ಮೆಗೇ ದಾರಿ ತಪ್ಪಿದವು, ಎರಡೂ ಪ್ರೊಪೆಲ್ಲರ್ ನಿಂತವು. ಎಂಜಿನ್ ಎರಡು, ಬ್ಯಾಟರಿ ಒಂದು. ಪುಣ್ಯಕ್ಕೆ ಒಳಗಿದ್ದವರು ಬದುಕಿದರು.

ಇಂಧನವೂ ಹಾಗೇ ಎರಡು ಎಂಜಿನ್‌ಗಳನ್ನೂ ಒಂದೇ ನೊಗಕ್ಕೆ ಕಟ್ಟುತ್ತದೆ. ಹೆಚ್ಚಿನ ಪಿಸ್ಟನ್ ಎಂಜಿನ್‌ಗಳು ಕುಡಿಯುವುದು ನೀಲಿ ಬಣ್ಣದ ಏವಿಯೇಷನ್ ಪೆಟ್ರೋಲ್; ಜೆಟ್ ಇಂಧನ ಸೀಮೆಎಣ್ಣೆಯ ಜಾತಿಯದು. ಡಿಎ-42ರಲ್ಲಿರುವಂಥ ಡೀಸೆಲ್ ಎಂಜಿನ್ ಅದರಲ್ಲೇ ಓಡುತ್ತದೆ, ಪೆಟ್ರೋಲ್ ಎಂಜಿನ್ ಓಡುವುದಿಲ್ಲ. ಅಮೆರಿಕದ ಹೆಸರಾಂತ ಪೈಲಟ್ ಬಾಬ್ ಹೂವರ್, ಶ್ರೈಕ್ ಕಮಾಂಡರ್ ಎಂಬ ಅವಳಿ ಎಂಜಿನ್ ವಿಮಾನದ ಎರಡೂ ಎಂಜಿನ್ ಆರಿಸಿ ಲೂಪ್ ಹೊಡೆದು ಇಳಿಸಿ ಜನರನ್ನು ಬೆರಗುಗೊಳಿಸುತ್ತಿದ್ದವರು. ಅವರದೇ ವಿಮಾನಕ್ಕೆ ಒಮ್ಮೆ ಯಾರೋ ಹುಡುಗ ಜೆಟ್ ಇಂಧನ ತುಂಬಿದ. ಟೇಕಾಫ್ ಆದೊಡನೆ ಎರಡೂ ನಿಂತವು. ಅವರ ಕೈಚಳಕದಿಂದ ಎಲ್ಲರೂ ಉಳಿದರು; ಮುಂದೆ ತಪ್ಪು ಟ್ಯಾಂಕಿನೊಳಗೆ ತೂರದಂಥ ಅಗಲ ಮೂತಿಯ ಜೆಟ್ ನಳಿಕೆಗೆ ಹೂವರ್ ಹೆಸರೇ ಅಂಟಿತು. ಇಷ್ಟಾದರೂ 2014ರಲ್ಲಿ ನ್ಯೂ ಮೆಕ್ಸಿಕೊದ ಲಾಸ್ ಕ್ರೂಸೆಸ್‌ನಲ್ಲಿ ರೋಗಿಯನ್ನು ಒಯ್ಯುತ್ತಿದ್ದ ಸೆಸ್ನಾ 421ಕ್ಕೆ ಜೆಟ್ ಇಂಧನವೇ ಬಿದ್ದು ನಾಲ್ವರು ಸತ್ತರು. ಇಂಧನ ತುಂಬುವಾಗ ಪೈಲಟ್ ಪಕ್ಕದಲ್ಲಿ ನಿಂತು ನೋಡಬೇಕೆಂಬುದು ಅತಿ ಶಿಸ್ತಿನ ಮಾತಲ್ಲ.

‘ಕಡಿಮೆ ಹಾರಿಸಿದರೆ ಎಂಜಿನ್ ಹೆಚ್ಚು ಬಾಳುತ್ತದೆ’

ಕೊಂಡು ಹ್ಯಾಂಗರ್‌ನಲ್ಲಿ ನಿಲ್ಲಿಸುವವರ ನಂಬಿಕೆ ಇದು. ಹಳೆಯ ವಿಮಾನಗಳ ಜಾಹೀರಾತಿನಲ್ಲಿ ‘ತೀರಾ ಕಡಿಮೆ ಗಂಟೆ ಓಡಿದ್ದು’ ಎಂದು ಹೆಮ್ಮೆಯಿಂದ ಬರೆಯುತ್ತಾರೆ. ತಿಳಿದವನು ಅಲ್ಲೇ ಹುಬ್ಬೇರಿಸುತ್ತಾನೆ. ನಿಂತ ಎಂಜಿನ್‌ನ ಒಳಗೋಡೆಗಳಿಂದ ಎಣ್ಣೆ ಇಳಿದುಹೋಗುತ್ತದೆ, ತೇವ ಕೂರುತ್ತದೆ, ಕ್ಯಾಮ್‌ಶಾಫ್ಟ್‌ಗೆ ತುಕ್ಕು ಹಿಡಿಯುತ್ತದೆ. ಲೈಕಮಿಂಗ್ ಕಂಪನಿಯ ಎಂಜಿನ್‌ಗಳಲ್ಲಿ ಕ್ಯಾಮ್ ಮೇಲ್ಗಡೆ ಇರುವುದರಿಂದ ಅದು ಬೇಗ ಒಣಗುತ್ತದೆ. ಮಂಗಳೂರಿನಂಥ ಕಡಲ ತೀರದ ಗಾಳಿಯಾದರಂತೂ ಕೇಳುವುದೇ ಬೇಡ.

‘ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಚಾಲೂ ಮಾಡ್ತೀವಿ’ ಎನ್ನುವವರು ಇನ್ನೂ ಕೆಡಿಸುತ್ತಾರೆ. ಉರಿದ ಇಂಧನದಿಂದ ನೀರಿನ ಆವಿ ಎಣ್ಣೆಗೆ ಸೇರುತ್ತದೆ. ಅದು ಹೊರಹೋಗಬೇಕಾದರೆ ಎಣ್ಣೆ ಚೆನ್ನಾಗಿ ಬಿಸಿಯಾಗಿ ಅರ್ಧ ಗಂಟೆಯಾದರೂ ಹಾಗೇ ಇರಬೇಕು. ಅದು ಹಾರಿದರೆ ಮಾತ್ರ ಆಗುವ ಕೆಲಸ. ಇದೇ ಕಾರಣಕ್ಕೆ ಲೈಕಮಿಂಗ್ 50 ಗಂಟೆ ಅಥವಾ ನಾಲ್ಕು ತಿಂಗಳು, ಯಾವುದು ಮೊದಲೋ ಆಗ ಎಣ್ಣೆ ಬದಲಿಸಿ ಅನ್ನುತ್ತದೆ. ನಾಲ್ಕು ತಿಂಗಳು ಹಾರದೇ ಇದ್ದರೂ ಸರಿಯೇ.

‘ಹೆಚ್ಚು ಬಿಚ್ಚಿ ನೋಡಿದಷ್ಟೂ ಒಳ್ಳೆಯದು’

ಎರಡನೇ ಮಹಾಯುದ್ಧದಲ್ಲಿ ಸಿ. ಎಚ್. ವಾಡಿಂಗ್ಟನ್ ಎಂಬ ಜೀವವಿಜ್ಞಾನಿ ಬ್ರಿಟನ್ನಿನ ಕರಾವಳಿ ಕಾಯುವ ಲಿಬರೇಟರ್ ವಿಮಾನಗಳ ದುರಸ್ತಿ ದಾಖಲೆಗಳನ್ನು ಜಾಲಾಡಿದರು. 50 ಗಂಟೆಗೊಮ್ಮೆ ಕೂಲಂಕಷ ತಪಾಸಣೆ ಮಾಡುತ್ತಿದ್ದರು. ತಪಾಸಣೆಯ ನಂತರ ಕೆಡುಕು ಇಳಿಯಬೇಕಲ್ಲವೇ? ಆದದ್ದು ತದ್ವಿರುದ್ಧ. ತಪಾಸಣೆ ಮುಗಿದೊಡನೆ ಅನಿರೀಕ್ಷಿತ ದುರಸ್ತಿಗಳು ಏರುತ್ತಿದ್ದವು, ಹಾರಿದಂತೆಲ್ಲ ಇಳಿಯುತ್ತಿದ್ದವು. ಚೆನ್ನಾಗಿದ್ದುದನ್ನು ಬಿಚ್ಚಿ ಕೂಡಿಸುವಾಗಲೇ ಕೆಡಿಸುತ್ತಿದ್ದರು. ಓವರ್‌ಹಾಲ್ ಆಗಿ ಬಂದ ಎಂಜಿನ್ ಮೇಲಿನ ಕುರುಡು ವಿಶ್ವಾಸಕ್ಕೂ ಇದೇ ಉತ್ತರ. 2,000 ಗಂಟೆಗೆ ಓವರ್‌ಹಾಲ್ ಎಂದು ತಯಾರಕರು ಹೇಳಿದ್ದು ಶಿಫಾರಸು. ಆ ಗಡಿ ದಾಟಿದೊಡನೆ ಎಂಜಿನ್ ಸತ್ತುಬೀಳುವುದಿಲ್ಲ, ಅಮೆರಿಕದ ಖಾಸಗಿ ಹಾರಾಟದಲ್ಲಿ ಅದು ಕಡ್ಡಾಯವೂ ಅಲ್ಲ. ಹೊಸದಾಗಿ ಜೋಡಿಸಿದ ಎಂಜಿನ್‌ನ ಮೊದಲ ಗಂಟೆಗಳ ಬಗ್ಗೆ ನನಗಿರುವ ಅಳುಕು, ಎಣ್ಣೆಯಲ್ಲಿ ಲೋಹದ ಚೂರು ಕಾಣದ 1,900 ಗಂಟೆಯ ಎಂಜಿನ್ ಬಗ್ಗೆ ಇಲ್ಲ.

ಅವಳಿ ಎಂಜಿನ್ ವಿಮಾನದ ಮಾಲೀಕ ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. 1983ರ ಮೇ 5ರಂದು ಮಯಾಮಿಯಿಂದ ಬಹಾಮಾಸ್‌ಗೆ ಹೊರಟ ಈಸ್ಟರ್ನ್ ಏರ್‌ಲೈನ್ಸ್‌ನ ಮೂರು ಎಂಜಿನ್‌ಗಳ ಟ್ರೈಸ್ಟಾರ್ ವಿಮಾನದಲ್ಲಿ ಒಂದಾದ ಮೇಲೊಂದು ಎಂಜಿನ್‌ನಿಂದ ಎಣ್ಣೆ ಸೋರಿಹೋಯಿತು. ಹಿಂದಿನ ರಾತ್ರಿ ಮೂರಕ್ಕೂ ಒಂದೇ ಬಿಡಿಭಾಗ ಹಾಕಿದವರು, ಮೂರರಲ್ಲೂ ರಬ್ಬರ್ ಉಂಗುರ ಹಾಕಲು ಮರೆತಿದ್ದರು. ಮೊದಲು ಆರಿಸಿದ್ದ ಎಂಜಿನ್ನನ್ನೇ ಮತ್ತೆ ಹೊತ್ತಿಸಿ ಮಯಾಮಿಗೆ ಮರಳಿದ್ದರಿಂದ 172 ಜನರೂ ಉಳಿದರು.

ಹಾಗಾಗಿ ಎರಡೂ ಎಂಜಿನ್‌ಗಳ ಸಿಲಿಂಡರ್‌ಗಳನ್ನೋ ಮ್ಯಾಗ್ನೆಟೊಗಳನ್ನೋ ಇಂಧನ ಪಂಪುಗಳನ್ನೋ ಒಂದೇ ದಿನ, ಒಂದೇ ಕೈಯಲ್ಲಿ ಬಿಚ್ಚಿಸಬೇಡಿ. ಹೇಗೂ ಕವಚ ತೆಗೆದಿದೆ, ಕೂಲಿ ಉಳಿಯುತ್ತದೆ ಎಂದು ಮೆಕ್ಯಾನಿಕ್ ಒತ್ತಾಯಿಸಿದರೂ ಬೇಡ. ಎಡದ್ದು ಈ ಸಲ ಆಗಲಿ. ಹಗಲಲ್ಲಿ, ಪ್ರಯಾಣಿಕರಿಲ್ಲದೆ, ರನ್‌ವೇ ಕಣ್ಣಳತೆಯಲ್ಲಿರುವಂತೆ ಸುತ್ತು ಹೊಡೆದು ಬನ್ನಿ. ಕವಚ ಮತ್ತೆ ತೆಗೆಸಿ ಎಲ್ಲಿಯಾದರೂ ಎಣ್ಣೆ ಜಿನುಗಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಹತ್ತಿಪ್ಪತ್ತು ಗಂಟೆ ಹಾರಿದ ಮೇಲೆ ಬಲದ್ದಕ್ಕೆ ಕೈ ಹಾಕಬಹುದು.