ಮನೆಯ ಫೋನ್ ಹೋಯಿತು, ನಿಮ್ಮ ಫೋನ್ ಬಂತೇ?

ಕೆ.ಆರ್. ಪುರಂ ಬಳಿಯ ದೂರವಾಣಿನಗರಕ್ಕೆ ಆ ಹೆಸರು ಬಂದದ್ದು ಹೇಗೆಂದು ಯೋಚಿಸಿದ್ದೀರಾ? 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐ.ಟಿ.ಐ.) ಕಾರ್ಖಾನೆ ಅಲ್ಲಿದೆ. ದೇಶದ ಲಕ್ಷಾಂತರ ಮನೆ, ಕಚೇರಿಗಳಲ್ಲಿ ಗಣಗಣಿಸಿದ ಕಪ್ಪು ಫೋನುಗಳು ತಯಾರಾದದ್ದು ಆ ಕಾರ್ಖಾನೆಯಲ್ಲೇ.

ಆಗ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಶಿವಾಜಿನಗರ, ಹಲಸೂರಿನ ಗಲ್ಲಿಯಲ್ಲಿ ಒಂದು ಮನೆಗೆ ಫೋನ್ ಬಂದರೆ ಅದು ಇಡೀ ಗಲ್ಲಿಯ ಫೋನ್. ನೆರೆಮನೆಯ ನಂಬರನ್ನೇ ‘ಪಿ.ಪಿ.’ ಎಂದು ಬರೆದು ಕೊಡುತ್ತಿದ್ದರು. ಗಲ್ಫಿನಿಂದ ಮಗ ಕರೆ ಮಾಡಿದರೆ ತಾಯಿ ಅಲ್ಲಿಗೇ ಓಡುತ್ತಿದ್ದಳು.

1995ರಲ್ಲಿ ಭಾರತಕ್ಕೆ ಮೊಬೈಲ್ ಬಂದಾಗ ಒಳಬರುವ ಕರೆಗೂ ಹಣ ತೆರಬೇಕಿತ್ತು. 2003ರಲ್ಲಿ ಅದು ಉಚಿತವಾಯಿತು. ಮರುವರ್ಷವೇ ಮೊಬೈಲ್‌ಗಳ ಸಂಖ್ಯೆ ಸ್ಥಿರ ದೂರವಾಣಿಯನ್ನು ಮೀರಿಸಿತು. ಯುದ್ಧದಿಂದ ನಲುಗಿದ್ದ ಕಾಂಬೋಡಿಯಾದಲ್ಲಿ ಇದು 1993ರಲ್ಲೇ ಆಗಿತ್ತು. ಆಫ್ರಿಕಾದ ಎಷ್ಟೋ ಹಳ್ಳಿಗಳು ತಂತಿಯ ಫೋನನ್ನು ಕಾಣದೆಯೇ ಮೊಬೈಲ್ ಹಿಡಿದವು. ಊರೂರಿಗೆ ತಂತಿ ಎಳೆಯುವುದಕ್ಕಿಂತ ಗೋಪುರ ನಿಲ್ಲಿಸುವುದು ಅಗ್ಗ. ನಮ್ಮ ದೇಶದಲ್ಲಿ 2005-06ರ ವೇಳೆಗೆ ಸುಮಾರು 5 ಕೋಟಿಯಷ್ಟಿದ್ದ ಸ್ಥಿರ ದೂರವಾಣಿ 2020ರ ಹೊತ್ತಿಗೆ 2 ಕೋಟಿಗೆ ಕುಸಿಯಿತು. ನಂತರ ಫೈಬರ್ ಇಂಟರ್ನೆಟ್ಟಿನ ಜೊತೆಗೆ ಮತ್ತೆ ಏರಿದೆ. ಮೊಬೈಲ್ ಸಂಪರ್ಕಗಳಂತೂ 110 ಕೋಟಿ ದಾಟಿವೆ.

ಆದರೆ ಸಂಪರ್ಕಗಳ ಲೆಕ್ಕ ಜನರ ಲೆಕ್ಕವಲ್ಲ. ಒಬ್ಬರ ಬಳಿ ಎರಡು ಸಿಮ್ ಇದ್ದರೆ ಎರಡೆಂದೇ ಎಣಿಕೆ. ಫೋನೇ ಇಲ್ಲದ ಅವರ ಪತ್ನಿ ಆ ಲೆಕ್ಕಕ್ಕೇ ಬರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದದ್ದು 54 ಮಂದಿಗೆ ಮಾತ್ರ.

ಹಜಾರದಲ್ಲಿದ್ದ ಫೋನನ್ನು ಮನೆಯಲ್ಲಿದ್ದ ಯಾರೂ ಎತ್ತಬಹುದಿತ್ತು. ಜೇಬಿನ ಫೋನ್ ಯಜಮಾನರ ಜೊತೆ ಬೆಳಿಗ್ಗೆಯೇ ಹೊರಟುಹೋಗುತ್ತದೆ. ನಿಮ್ಮ ಬ್ಯಾಂಕ್ ಖಾತೆಗೆ ಅವರ ನಂಬರ್ ಜೋಡಿಸಿದ್ದರೆ ಓ.ಟಿ.ಪಿ. ಹೋಗುವುದೂ ಅಲ್ಲಿಗೇ. ಅವರು ದೂರದೂರಿಗೆ ಹೋದಾಗ, ಇಲ್ಲವೇ ಆಸ್ಪತ್ರೆಯಲ್ಲಿ ಮಲಗಿದಾಗ ನಿಮ್ಮದೇ ಹಣ ನಿಮ್ಮ ಕೈಗೆ ಸಿಗದೆ ಪರದಾಡುವಿರಿ.

ಆದ್ದರಿಂದ ಸಾದಾ ಫೋನಾದರೂ ಸರಿ, ನಿಮ್ಮ ಹೆಸರಿನಲ್ಲಿ ಒಂದು ನಂಬರ್ ಇರಲಿ. ಅದನ್ನು ಬ್ಯಾಂಕಿಗೆ, ಆಧಾರ್‌ಗೆ, ಮಕ್ಕಳ ಶಾಲೆಗೆ ಕೊಡಿ. ಓ.ಟಿ.ಪಿ.ಯನ್ನು ಮಾತ್ರ ಫೋನಿನಲ್ಲಿ ಯಾರು ಕೇಳಿದರೂ ಹೇಳಬೇಡಿ. ಮನೆಯಲ್ಲಿ ಅತ್ತೆಯಿದ್ದರೆ ಅವರಿಗೂ ಒಂದು ಫೋನ್ ಕೊಡಿಸಿ, ಬಳಸುವುದನ್ನು ತಾಳ್ಮೆಯಿಂದ ಕಲಿಸಿ.