ಗರ್ಭನಿರೋಧಕದ ವೆಚ್ಚ: ಮಾಲೀಕರ ಹೊಣೆಯೇ?

ಅಮೆರಿಕದಲ್ಲಿ ಅಧೀನ ಕಂಪನಿ ತೆರೆದಿರುವ ಕರ್ನಾಟಕದ ಉದ್ಯಮಗಳು ಅಲ್ಲಿನ ನೌಕರರಿಗೆ ಆರೋಗ್ಯ ವಿಮೆ ಮಾಡಿಸುವಾಗ, ಇಲ್ಲಿ ಸಾಮಾನ್ಯವಾಗಿ ಏಳದ ಪ್ರಶ್ನೆಯೊಂದನ್ನು ಎದುರಿಸಬೇಕಾಗುತ್ತದೆ. ನೌಕರರ ಗರ್ಭನಿರೋಧಕ ಸಾಧನಗಳ ವೆಚ್ಚವನ್ನು ಮಾಲೀಕರು ಭರಿಸಬೇಕೇ? ಆ ದೇಶದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಈ ವಿವಾದ 2014, 2016 ಮತ್ತು 2020ರಲ್ಲಿ ಏರಿದೆ. ಹೊರನೋಟಕ್ಕೆ ಇದು ಧರ್ಮ ಹಾಗೂ ನೀತಿಯ ಜಿಜ್ಞಾಸೆ. ಆದರೆ ಇದರ ಬುಡದಲ್ಲಿರುವುದು ಲೆಕ್ಕಪತ್ರದ ಪ್ರಶ್ನೆ: ವಿಮಾ ಕಂತಿನ ಹಣ ವಾಸ್ತವವಾಗಿ ಯಾರದು?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರವು ವೇತನ ಏರಿಕೆಗೆ ಮಿತಿ ಹಾಕಿತು. ಕೂಲಿ ಹೆಚ್ಚಿಸಲಾಗದ ಕಾರ್ಖಾನೆಗಳು ಕೆಲಸಗಾರರನ್ನು ಸೆಳೆಯಲು ಆರೋಗ್ಯ ವಿಮೆಯನ್ನು ಮುಂದಿಟ್ಟವು. ಮಾಲೀಕರು ಕಟ್ಟುವ ಕಂತು ನೌಕರನ ತೆರಿಗೆ ಯೋಗ್ಯ ಆದಾಯದಲ್ಲಿ ಸೇರದು ಎಂದು 1954ರ ತೆರಿಗೆ ಸಂಹಿತೆ ಸ್ಪಷ್ಟಪಡಿಸಿತು. ಅಂದಿನಿಂದ ಅಲ್ಲಿ ಉದ್ಯೋಗಕ್ಕೂ ವಿಮೆಗೂ ಬಿಡಿಸಲಾಗದ ಗಂಟು ಬಿದ್ದಿದೆ. ಕೂಲಿಗೆ ಬದಲಾಗಿ ಬಂದದ್ದು ಈ ವಿಮೆ ಎಂಬ ಅಂಶವನ್ನು ಮುಂದಿನ ಚರ್ಚೆಯಲ್ಲಿ ನೆನಪಿಡತಕ್ಕದ್ದು.

2010ರ ಮಾರ್ಚ್ 23ರಂದು ಜಾರಿಗೆ ಬಂದ ಆರೋಗ್ಯ ಸುಧಾರಣಾ ಕಾಯ್ದೆಯು ಮಹಿಳೆಯರಿಗೆ ಕೆಲವು ಮುಂಜಾಗ್ರತಾ ಸೇವೆಗಳನ್ನು ಅವರಿಂದ ಹಣ ಪಡೆಯದೆ ಒದಗಿಸಬೇಕೆಂದು ವಿಧಿಸಿತು. ಸೋಜಿಗವೆಂದರೆ ಈ ವಿಧಿಯಲ್ಲಿ ಗರ್ಭನಿರೋಧಕದ ಹೆಸರೇ ಇಲ್ಲ. ಅದು ಸೇರಿದ್ದು 2011ರ ಆಗಸ್ಟ್‌ನಲ್ಲಿ ಹೊರಟ ಆಡಳಿತಾತ್ಮಕ ಮಾರ್ಗಸೂಚಿಯ ಮೂಲಕ. ಶಾಸನದ ಬದಲು ಸುತ್ತೋಲೆಯ ಮೇಲೆ ಇಷ್ಟು ದೊಡ್ಡ ಹೊಣೆಯನ್ನು ನಿಲ್ಲಿಸಿದ್ದೇ ಮುಂದಿನ ವ್ಯಾಜ್ಯಗಳಿಗೆ ಎಡೆಮಾಡಿಕೊಟ್ಟಿತೆನ್ನಬಹುದು.

ಒಕ್ಲಹೋಮ ರಾಜ್ಯದ ಹಾಬಿ ಲಾಬಿ ಎಂಬ ಕರಕುಶಲ ಸಾಮಗ್ರಿ ಮಳಿಗೆಗಳ ಸಂಸ್ಥೆಯು, ಅನುಮೋದಿತ 20 ವಿಧಾನಗಳ ಪೈಕಿ ನಾಲ್ಕು ತನ್ನ ಒಡೆಯರ ಧರ್ಮಕ್ಕೆ ವಿರುದ್ಧವೆಂದು ತಕರಾರು ತೆಗೆಯಿತು. ಅದರ ನೌಕರರ ಸಂಖ್ಯೆ ಸುಮಾರು 13,000. ಗರ್ಭನಿರೋಧಕವನ್ನು ಕೈಬಿಟ್ಟು ವಿಮೆ ಮುಂದುವರಿಸಿದರೆ ತಲೆಗೆ ದಿನಕ್ಕೆ 100 ಡಾಲರ್ ದಂಡ. ಅಂದರೆ ದಿನಕ್ಕೆ 13 ಲಕ್ಷ, ವರ್ಷಕ್ಕೆ ಸುಮಾರು 47.5 ಕೋಟಿ ಡಾಲರ್. ವಿಮೆಯನ್ನೇ ನಿಲ್ಲಿಸಿಬಿಟ್ಟರೆ ತಲೆಗೆ ವರ್ಷಕ್ಕೆ 2,000 ಡಾಲರ್; ಒಟ್ಟು 2.6 ಕೋಟಿ. ಅಪೂರ್ಣ ವಿಮೆಗೆ ಬೀಳುವ ದಂಡವು ವಿಮೆಯೇ ಇಲ್ಲದ್ದಕ್ಕೆ ಬೀಳುವ ದಂಡದ ಹದಿನೆಂಟು ಪಟ್ಟು! 2014ರ ಜೂನ್ 30ರಂದು ನ್ಯಾಯಾಲಯವು 5-4ರ ಬಹುಮತದಿಂದ ಸಂಸ್ಥೆಯ ಪರವಾಗಿ ತೀರ್ಪಿತ್ತಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರು, ಕನಿಷ್ಠ ವೇತನದ ಕಾರ್ಮಿಕಳಿಗೆ ಗರ್ಭಾಶಯದೊಳಗೆ ಇಡುವ ಸಾಧನದ ಖರ್ಚು ಹೆಚ್ಚು ಕಡಿಮೆ ಒಂದು ತಿಂಗಳ ಪೂರ್ಣ ಸಂಬಳಕ್ಕೆ ಸಮ ಎಂಬುದನ್ನು ಎತ್ತಿ ತೋರಿದರು.

2018ರ ನಿಯಮಗಳು ವಿನಾಯಿತಿಯನ್ನು ಮತ್ತಷ್ಟು ವಿಸ್ತರಿಸಿದವು. ಅವುಗಳನ್ನು ರೂಪಿಸುವ ಅಧಿಕಾರ ಸರ್ಕಾರಕ್ಕಿದೆಯೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯದ ಫೆಡರಲ್ ಜಿಲ್ಲಾ ನ್ಯಾಯಾಲಯವೊಂದು ಅವೇ ನಿಯಮಗಳನ್ನು ರದ್ದುಪಡಿಸಿತು. ಹೀಗಿರುವಲ್ಲಿ, ವಿನಾಯಿತಿಯನ್ನು ನಂಬಿ ವಿಮಾ ಯೋಜನೆ ರೂಪಿಸುವವರು ಸಹಿ ಹಾಕುವ ದಿನದ ಸ್ಥಿತಿಯನ್ನು ವಕೀಲರಿಂದ ಖಚಿತಪಡಿಸಿಕೊಳ್ಳುವುದು ಲೇಸು.

ಇನ್ನು ಮೂಲ ಪ್ರಶ್ನೆ. ಮಾಲೀಕನು ಕಟ್ಟುವ ಕಂತು ಆತನ ಪುಸ್ತಕಗಳಲ್ಲಿ ನೌಕರರ ವೆಚ್ಚವೆಂದೇ ದಾಖಲಾಗುತ್ತದೆ. ದಾನಧರ್ಮದ ಖಾತೆಗೆ ಹೋಗುವುದಿಲ್ಲ. ಸಂಬಳದ ಹಣವನ್ನು ನೌಕರನು ಯಾವುದಕ್ಕೆ ಖರ್ಚು ಮಾಡುತ್ತಾನೆಂದು ಯಾವ ಮಾಲೀಕನೂ ವಿಚಾರಿಸುವುದಿಲ್ಲ. ಅದೇ ಸಂಬಳದ ಒಂದು ಭಾಗ ವಿಮೆಯ ರೂಪ ತಾಳಿದ ಮಾತ್ರಕ್ಕೆ ವಿಚಾರಿಸುವ ಹಕ್ಕು ಹುಟ್ಟುವುದೆಂಬ ವಾದ ಲೆಕ್ಕಿಗನ ದೃಷ್ಟಿಗೆ ದುರ್ಬಲವಾಗಿಯೇ ಕಾಣುತ್ತದೆ. ವಿಮಾ ಒಪ್ಪಂದ ಮಾಲೀಕನ ಹೆಸರಿನಲ್ಲಿರುತ್ತದೆ, ಆತನ ಆತ್ಮಸಾಕ್ಷಿಗೂ ಬೆಲೆಯುಂಟು ಎಂಬ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಸಾವಿರಾರು ಜನ ದುಡಿಯುವ ವ್ಯಾಪಾರ ಸಂಸ್ಥೆಗಿಂತ ದೇವಾಲಯ, ಮಠಗಳಂತಹ ಸಂಸ್ಥೆಗಳಿಗೆ ಅದು ಹೆಚ್ಚು ಒಪ್ಪುವಂಥದು. ಹಣದ ಮಾತಂತೂ ಸರಳ. ಒಂದು ಹೆರಿಗೆಯ ಆಸ್ಪತ್ರೆ ವೆಚ್ಚದ ಮುಂದೆ ಗರ್ಭನಿರೋಧಕದ ವೆಚ್ಚ ಅಲ್ಪ.

ನಮ್ಮ ಉದ್ಯಮಿಗಳು ಗಮನಿಸಬೇಕಾದ ಸೂಕ್ಷ್ಮವೊಂದಿದೆ. 50ಕ್ಕಿಂತ ಕಡಿಮೆ ಪೂರ್ಣಾವಧಿ ನೌಕರರಿರುವ ಸಂಸ್ಥೆ ವಿಮೆ ನೀಡದಿದ್ದರೂ ಫೆಡರಲ್ ದಂಡವಿಲ್ಲ. ಹಾಗೆಂದು ಸಣ್ಣ ಸಂಸ್ಥೆಗೆ ಗರ್ಭನಿರೋಧಕದ ನಿಯಮವೇ ಅನ್ವಯಿಸದೆಂದು ತಿಳಿಯುವುದು ತಪ್ಪು. ಗುಂಪು ವಿಮೆ ನೀಡಲು ತೊಡಗಿದ ಮೇಲೆ ಸಂಸ್ಥೆಯ ಗಾತ್ರ ನೆರವಿಗೆ ಬಾರದು.

ಭಾರತದಲ್ಲಿ ಈ ಜಗಳ ಹುಟ್ಟಲಿಲ್ಲ, ಏಕೆಂದರೆ ಇಲ್ಲಿ ಹೊಣೆ ಹೊತ್ತದ್ದು ಸರ್ಕಾರ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶವಿತ್ತಿತ್ತು. ಆದರೂ ಮಾಲೀಕರ ಪಾಲು ಇಲ್ಲದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೊಳಗಾದ ಮಹಿಳೆಗೆ ಎರಡು ವಾರಗಳ ವೇತನಸಹಿತ ರಜೆಯನ್ನು ಹೆರಿಗೆ ಸೌಲಭ್ಯ ಕಾಯ್ದೆಗೆ 1995ರಲ್ಲಿ ತಂದ ತಿದ್ದುಪಡಿ ಕಡ್ಡಾಯಗೊಳಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಅದನ್ನು ಉಳಿಸಿಕೊಂಡಿದೆ. 1961ರ ಆದಾಯ ತೆರಿಗೆ ಕಾಯ್ದೆಯ 36ನೇ ಕಲಮಿನಲ್ಲಿ, ನೌಕರರಲ್ಲಿ ಕುಟುಂಬ ಯೋಜನೆಯನ್ನು ಪ್ರೋತ್ಸಾಹಿಸಲು ಕಂಪನಿಯು ಮಾಡಿದ ನೈಜ ವೆಚ್ಚಕ್ಕೆ ಪ್ರತ್ಯೇಕ ಕಡಿತವಿತ್ತು. ಬಂಡವಾಳ ಸ್ವರೂಪದ ವೆಚ್ಚವಾದರೆ ಐದು ಸಮ ಕಂತುಗಳಲ್ಲಿ. ಈ ಸವಲತ್ತು ಕಂಪನಿಗಳಿಗೆ ಮಾತ್ರ ಮೀಸಲಾಗಿದ್ದರಿಂದ ಪಾಲುದಾರಿಕೆ ಸಂಸ್ಥೆಗಳು 37ನೇ ಕಲಮನ್ನೇ ಆಶ್ರಯಿಸಬೇಕಿತ್ತು.

ಇದಕ್ಕೆ ತದ್ವಿರುದ್ಧವಾದ ಸಂಗತಿಯೊಂದು ನಮ್ಮ ಗುಂಪು ವಿಮಾ ಪಾಲಿಸಿಗಳಲ್ಲಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ 17ನೆಯದು ಬಂಜೆತನದ ಚಿಕಿತ್ಸೆಯೊಂದಿಗೆ ಎಲ್ಲ ಬಗೆಯ ಗರ್ಭನಿರೋಧಕ ಮತ್ತು ಸಂತಾನಹರಣ ಚಿಕಿತ್ಸೆಯನ್ನೂ ಒಳಗೊಳ್ಳುತ್ತದೆ. ಹೆಚ್ಚಿನ ಮಾಲೀಕರು ಈ ಸಾಲನ್ನು ಓದಿರುವುದೇ ಇಲ್ಲ. ಪಾಲಿಸಿ ನವೀಕರಣದ ವೇಳೆ ಹೆಚ್ಚುವರಿ ಕಂತು ಎಷ್ಟಾಗುವುದೆಂದು ವಿಮಾ ಕಂಪನಿಯಿಂದ ಲಿಖಿತವಾಗಿ ಕೇಳಿ ಪಡೆದು, ಆ ಮೊತ್ತವನ್ನು ಸಂಸ್ಥೆಯ ವಾರ್ಷಿಕ ವೇತನ ವೆಚ್ಚದೊಂದಿಗೆ ಹೋಲಿಸಿ ನೋಡಬಹುದು.